ಹಿಮದ ದಾರಿಗೆ ಎರಡು ತುದಿ

ಯಲಹಂಕದವರಿಗೆ ಬಳ್ಳಾರಿ ರಸ್ತೆಯನ್ನು ಪರಿಚಯಿಸಬೇಕಾಗಿಲ್ಲ. ಹೆಬ್ಬಾಳ ದಾಟಿ, ವಾಯುನೆಲೆಯನ್ನು ಬದಿಗೆ ಬಿಟ್ಟು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಓಡುವ ಈ ರಸ್ತೆಗೆ ಹಿಂದೆ ಏಳನೇ ನಂಬರಿನ ಹೆದ್ದಾರಿ ಎಂಬ ಹೆಸರಿತ್ತು. ಕನ್ಯಾಕುಮಾರಿಯಿಂದ ವಾರಾಣಸಿಗೆ ಹೋಗುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟರು. ಆಗ ಬೇರೆ ಬೇರೆ ಹೆದ್ದಾರಿಗಳ ತುಂಡುಗಳನ್ನು ಹೂವಿನ ಹಾಗೆ ಪೋಣಿಸಿ, ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಸುಮಾರು 3,700 ಕಿಲೋಮೀಟರಿನ ಒಂದೇ ಮಾಲೆ ಮಾಡಿ ಅದಕ್ಕೆ 44 ಎಂದು ಹೆಸರಿಟ್ಟರು. ಅಂದರೆ ನಾವು ತರಕಾರಿ ಚೀಲ ಹಿಡಿದು ದಾಟಲು ಕಾಯುವ ರಸ್ತೆಯೇ ಮುಂದೆ ಹೋಗಿ ಹೋಗಿ ಹಿಮದೊಳಗೆ ಹೊಕ್ಕು ಕಾಶ್ಮೀರ ಮುಟ್ಟುತ್ತದೆ. ಮಕ್ಕಳಿಗೆ ಭೂಪಟದ ಮೇಲೆ ಕಡ್ಡಿ ಇಟ್ಟು ಇದನ್ನು ತೋರಿಸಿದಾಗಲೆಲ್ಲ ತರಗತಿಯಲ್ಲಿ ಒಂದು ಕ್ಷಣ ಸದ್ದಡಗುತ್ತದೆ.

ಈ ರಸ್ತೆಯ ಹಿಮದ ತುದಿಗೂ ನಮ್ಮ ಊರಿಗೂ ನಂಬರಿನ ನಂಟು ಬರುವುದಕ್ಕೆ ಮುಂಚೆಯೇ ಬೇರೊಂದು ನಂಟಿತ್ತು. ಅದನ್ನು ಹೇಳಬೇಕೆಂದೇ ಈ ಬರಹ.

ಹಿಮ ಎಂದರೆ ನಮಗೆ ಸಿನಿಮಾ ಹಾಡು ನೆನಪಾಗುತ್ತದೆ. ನಾಯಕಿ ತೆಳ್ಳಗಿನ ಸೀರೆಯುಟ್ಟು ಓಡುತ್ತಾಳೆ, ನಾಯಕ ಉಣ್ಣೆಯ ಕೋಟು ಹಾಕಿಕೊಂಡು ಹಿಂದೆ ಓಡುತ್ತಾನೆ. ಆದರೆ ಚರಿತ್ರೆಯಲ್ಲಿ ಹಿಮವನ್ನು ಕಂಡು ಓಡಿದವರೆಲ್ಲ ಅದರಿಂದ ದೂರಕ್ಕೇ ಓಡಿದವರು. ಮೊಗಲ ದೊರೆ ಜಹಾಂಗೀರ್ ಮತ್ತು ಅವನ ರಾಣಿ ನೂರ್‌ಜಹಾನ್ ಕಾಶ್ಮೀರಕ್ಕೆ ಮತ್ತೆ ಮತ್ತೆ ಹೋದ ದಂಪತಿ. ಅಲ್ಲಿಯ ತೋಟ, ಝರಿ, ಕೇಸರಿ ಹೊಲಗಳ ಮೇಲೆ ಅವನಿಗೆ ಅಷ್ಟೊಂದು ಆಸೆ. ಆದರೂ ಚಳಿಗಾಲ ಬರುವುದರೊಳಗೆ ಆನೆ, ಕುದುರೆ, ಪಲ್ಲಕ್ಕಿಗಳ ಸಮೇತ ಪೀರ್ ಪಂಜಾಲ್ ಬೆಟ್ಟಸಾಲು ಇಳಿದುಬಿಡುತ್ತಿದ್ದರು. 1627ರ ಶರತ್ಕಾಲದಲ್ಲಿ ಹಾಗೆ ಇಳಿದು ಬರುವಾಗಲೇ ದಾರಿಯಲ್ಲಿ ಜಹಾಂಗೀರ್ ತೀರಿಕೊಂಡ. ರಾಜೌರಿ ಕಡೆಯ ಚಿಂಗಸ್ ಎಂಬಲ್ಲಿಯ ಹಳೆಯ ಸರಾಯಿಯಲ್ಲಿ ಅವನ ಕರುಳನ್ನು ಹೂತರೆಂದೂ, ಸಾವಿನ ಸುದ್ದಿ ಹೊರಗೆ ಬೀಳದಂತೆ ರಾಣಿ ಅವನನ್ನು ಆನೆಯ ಅಂಬಾರಿಯಲ್ಲಿ ಕೂರಿಸಿಯೇ ಕರೆದೊಯ್ದಳೆಂದೂ ಅಲ್ಲಿಯವರು ಹೇಳುತ್ತಾರೆ. ನಿಜವೋ ಕಥೆಯೋ, ಗಂಡನ ಹೆಣದ ಪಕ್ಕದಲ್ಲಿ ಮುಖದ ಮೇಲೆ ಏನನ್ನೂ ತೋರಗೊಡದೆ ಬೆಟ್ಟ ಇಳಿದ ಆ ಹೆಂಗಸನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಲಾಹೋರಿನ ಬಳಿಯ ಶಾಹದರಾದಲ್ಲಿ ಅವನ ಸಮಾಧಿ ಇದೆ.

ಆಮೇಲೆ ಬಂದ ಡೋಗ್ರಾ ಮಹಾರಾಜರೂ ಹಿಮದ ತಂಟೆಗೆ ಹೋಗಲಿಲ್ಲ. 1872ರಲ್ಲಿ ರಣಬೀರ್ ಸಿಂಗ್ ಮಹಾರಾಜ ಚಳಿಗಾಲಕ್ಕೆ ಇಡೀ ದರ್ಬಾರನ್ನೇ ಜಮ್ಮುವಿಗೆ ಇಳಿಸುವ ಪದ್ಧತಿ ಆರಂಭಿಸಿದ. ಕಡತಗಳು ಗಂಟು ಕಟ್ಟಿಕೊಂಡು ಬೆಟ್ಟ ಇಳಿಯುತ್ತಿದ್ದವು. ಬೇಸಗೆಗೆ ಮತ್ತೆ ಶ್ರೀನಗರಕ್ಕೆ ಹತ್ತುತ್ತಿದ್ದವು. ಹೋಗದೆ ಉಳಿಯುತ್ತಿದ್ದವರು ಬಡವರು ಮಾತ್ರ.

ಆಗೆಲ್ಲ ಕಾಶ್ಮೀರಕ್ಕೆ ಒಳ್ಳೆಯ ಗಾಡಿ ದಾರಿ ಎಂದರೆ ರಾವಲ್ಪಿಂಡಿಯಿಂದ ಝೇಲಂ ನದಿಯ ಅಂಚಿನಲ್ಲಿ ಬಾರಾಮುಲ್ಲಾಗೆ ಬರುವ ರಸ್ತೆ. ಜಮ್ಮುವಿನಿಂದ ಬನಿಹಾಲ್ ಬೆಟ್ಟದ ಮೇಲೆ ಹಾಯುವ ರಸ್ತೆ ಜನರಿಗೆ ತೆರೆದದ್ದು 1922ರಲ್ಲಿ. ಅದೂ ಒಂಬತ್ತು ಸಾವಿರ ಅಡಿ ಮೀರಿದ ಎತ್ತರದಲ್ಲಿ ಕಣಿವೆ ದಾಟುತ್ತಿದ್ದುದರಿಂದ ಚಳಿಗಾಲದಲ್ಲಿ ಮುಚ್ಚಿಹೋಗುತ್ತಿತ್ತು. 1947ರಲ್ಲಿ ದೇಶ ಒಡೆದಾಗ ರಾವಲ್ಪಿಂಡಿಯ ರಸ್ತೆ ಆಚೆಯವರ ಪಾಲಾಯಿತು. ಅಕ್ಟೋಬರಿನಲ್ಲಿ ದಾಳಿಕಾರರು ನುಗ್ಗಿದ್ದೂ ಅದೇ ರಸ್ತೆಯಿಂದ. ಭಾರತದ ಸೈನ್ಯ ಅಕ್ಟೋಬರ್ 27ರಂದು ವಿಮಾನದಲ್ಲಿ ಇಳಿಯಬೇಕಾಯಿತು, ಏಕೆಂದರೆ ನಮ್ಮ ಕಡೆಯಿಂದ ಇದ್ದದ್ದು ಬನಿಹಾಲದ ಆ ಒಂದು ಬಡಕಲು ದಾರಿ ಮಾತ್ರ.

ಇಲ್ಲಿಗೆ ನಮ್ಮ ಮನೆಯ ಕಥೆ ಬರುತ್ತದೆ. ನಮ್ಮ ಮಾವನವರು ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದವರು. ಹಲಸೂರು ಕೆರೆಯ ಪಕ್ಕದಲ್ಲಿ ಈ ಪಡೆಯ ಕೇಂದ್ರ ಇರುವುದನ್ನು ಬೆಂಗಳೂರಿನವರು ನೋಡಿರುತ್ತೀರಿ. ಬಂದೂಕು ಹಿಡಿಯುವುದಕ್ಕಿಂತ ಹೆಚ್ಚಾಗಿ ಹಾರೆ, ಸಲಿಕೆ, ಗುದ್ದಲಿ ಹಿಡಿಯುವ ಸೈನಿಕರು ಇವರು. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ನೆಲದಲ್ಲಿ ಹುಗಿದ ಮದ್ದು ತೆಗೆಯುವುದು ಇವರ ಕೆಲಸ. ಯಲಹಂಕದ ಸುತ್ತಿನ ಹಳ್ಳಿಗಳಿಂದ ಎಷ್ಟೋ ಹುಡುಗರು ಸಂಬಳದ ಆಸೆಗೆ ಈ ಪಡೆ ಸೇರಿದರು. ಮಾವನವರೂ ಅವರಲ್ಲೊಬ್ಬರು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಅತ್ತೆಗೆ ಹದಿನಾರೋ ಹದಿನೇಳೋ ವಯಸ್ಸು. 1948ರಲ್ಲಿ ಅವರನ್ನು ಜೋಜಿ ಲಾ ಕಡೆಗೆ ಕಳಿಸಿದರು.

ಜೋಜಿ ಲಾ ಎನ್ನುವುದು ಕಾಶ್ಮೀರದಿಂದ ಲಡಾಖಿಗೆ ಹಾಯುವ ಬೆಟ್ಟದ ಬಾಯಿ. ಎತ್ತರ ಹನ್ನೊಂದೂವರೆ ಸಾವಿರ ಅಡಿ. ಆ ವರ್ಷ ಅದು ಶತ್ರುಗಳ ಕೈಗೆ ಸಿಕ್ಕಿ ಲೇಹ್ ಪಟ್ಟಣದ ದಾರಿಯೇ ಕಡಿದುಹೋಗಿತ್ತು. ಕಾಲಾಳು ಪಡೆಗಳ ಪ್ರಯತ್ನ ಫಲಿಸಲಿಲ್ಲ. ಆಗ ಅಲ್ಲಿಯ ಡಿವಿಷನ್ನಿನ ಸೇನಾಪತಿಯಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಅದಕ್ಕೇ ಅವರು ಟ್ಯಾಂಕನ್ನೇ ತರಿಸಿದರು. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಟಾರ್ಪಾಲಿನ್ ಮುಚ್ಚಿ, ಬನಿಹಾಲ್ ದಾಟಿಸಿ ಗುಟ್ಟಾಗಿ ತಂದರು. ಬಾಲ್ತಾಲಿನಿಂದ ಮೇಲಕ್ಕೆ ಹೇಸರಗತ್ತೆ ಮಾತ್ರ ನಡೆಯಬಲ್ಲ ಕಾಲುದಾರಿ ಇತ್ತು. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಈ ಸ್ಯಾಪರುಗಳು. ಶತ್ರುವಿನ ಗುಂಡಿಗೆ ಎದುರಾಗಿ, ಮೂಳೆ ಕೊರೆಯುವ ಚಳಿಯಲ್ಲಿ ಈ ಕೆಲಸ ನಡೆಯಿತು. ನವೆಂಬರ್ 1ರಂದು ಹಿಮ ಸುರಿಯುತ್ತಿರುವಾಗಲೇ ಟ್ಯಾಂಕುಗಳು ಹತ್ತಿದವು, ತಿಮ್ಮಯ್ಯನವರೇ ಮುಂದಿನ ಟ್ಯಾಂಕಿನಲ್ಲಿದ್ದರು. ಆ ತಿಂಗಳ ಕೊನೆಯೊಳಗೆ ಕಾರ್ಗಿಲ್ ಕೈಗೆ ಬಂದು ಲೇಹ್‌ನ ದಾರಿ ತೆರೆಯಿತು.

ಪುಸ್ತಕದಲ್ಲಿ ಇದು ಒಂದು ಪುಟ. ಮಾವನವರ ಬಾಯಲ್ಲಿ ಎರಡು ಮಾತು. ನಾನು ಹೊಸದಾಗಿ ಬಂದ ಸೊಸೆ, ಚರಿತ್ರೆ ಪಾಠ ಮಾಡುವವಳು, ಬಿಡುತ್ತೇನೆಯೇ? "ಮಾವ, ಟ್ಯಾಂಕು ಹತ್ತಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?" ಎಂದು ಕೇಳಿದೆ. "ಟ್ಯಾಂಕು ಯಾರು ನೋಡಿದ್ರಮ್ಮ? ಅದರ ಕೆಳಗೆ ನಾವಿಟ್ಟ ಕಲ್ಲು ಕೂತಿದೆಯೋ ಜಾರ್ತದೋ, ಅದನ್ನ ನೋಡ್ತಿದ್ವಿ" ಎಂದರು. ಇನ್ನೊಂದು ಸಲ ದೂರದರ್ಶನದಲ್ಲಿ ಹಿಮದ ಹಾಡು ಬರುತ್ತಿದ್ದಾಗ ತಾವಾಗಿಯೇ ಹೇಳಿದರು: "ಹಿಮ ಅಂದ್ರೆ ಬಿಳುಪಲ್ಲಮ್ಮ, ಭಾರ. ಒಂದು ಸಲಿಕೆ ಎತ್ತಿದೋನಿಗೆ ಗೊತ್ತು."

ಇನ್ನು ಅತ್ತೆಯ ಪಾಲಿನ ಚರಿತ್ರೆ ಇನ್ನೂ ಚಿಕ್ಕದು. ಆ ಚಳಿಗಾಲದಲ್ಲಿ ಅವರಿಗೆ ಬಂದದ್ದು ಎರಡು ಕಾರ್ಡು. ಓದು ಬರದ ಹುಡುಗಿ, ಶಾಲೆಯ ಮೇಷ್ಟ್ರ ಮನೆ ಬಾಗಿಲಲ್ಲಿ ಸೆರಗು ಹೊದ್ದು ನಿಂತು ಓದಿಸಿಕೊಂಡು ಬರುತ್ತಿದ್ದರಂತೆ. ಕ್ಷೇಮ, ಇಲ್ಲಿ ಚಳಿ ಇದೆ, ದನ ಮಾರಬೇಡಿ ಎಂದು ಮಾತ್ರ ಅದರಲ್ಲಿತ್ತು. ಎರಡನೆಯ ಕಾರ್ಡಿನ ನಂತರ ನಾಲ್ಕು ತಿಂಗಳು ಏನೂ ಇಲ್ಲ. ಬೇಸಗೆಯಲ್ಲಿ ಒಂದು ದಿನ ಟ್ರಂಕು ಹೊತ್ತುಕೊಂಡು ಮಾವನೇ ಬಂದರು. "ಆ ನಾಲ್ಕು ತಿಂಗಳು ಏನು ಮಾಡಿದ್ರಿ ಅತ್ತೆ?" ಎಂದರೆ, "ಏನು ಮಾಡೋದು? ರಾಗಿ ಬೀಸಿದೆ" ಎನ್ನುತ್ತಿದ್ದರು. ತಿರುಪತಿಯಿಂದ ಆಚೆಗೆ ಅವರು ಯಾವ ಊರನ್ನೂ ನೋಡದೆಯೇ ಹೋದರು.

ನಮ್ಮ ಮನೆಯವರು ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ, "ಅಪ್ಪ ಸಲಿಕೆ ಹಿಡಿದ ಕಡೆ ಒಂದು ಸಲ ಹೋಗಿ ಬರೋಣ, ಚಳಿಗಾಲದಲ್ಲೇ" ಎಂದು ಹಟ ಹಿಡಿದರು. ನಾನು ಗಳಿಕೆ ರಜೆ ಬರೆದುಕೊಟ್ಟೆ. ಮಗಳು ಇಬ್ಬರಿಗೂ ಉಣ್ಣೆ ಕಾಲುಚೀಲ ತಂದಳು. ನೆರೆಯವರು, "ಈ ವಯಸ್ಸಲ್ಲಿ ಹನಿಮೂನಾ ಮೇಡಂ?" ಎಂದು ನಕ್ಕರು. 2025ರ ಫೆಬ್ರವರಿ ಕಡೆಯ ವಾರ ಯಶವಂತಪುರದಿಂದ ಸಂಪರ್ಕ ಕ್ರಾಂತಿಯಲ್ಲಿ ದೆಹಲಿ, ಅಲ್ಲಿಂದ ಜಮ್ಮು, ಜಮ್ಮುವಿನಿಂದ ಟ್ಯಾಕ್ಸಿ. ಹೆದ್ದಾರಿಯ ಮೈಲಿಗಲ್ಲಿನ ಮೇಲೆ 44 ಎಂದು ಕಂಡಾಗ ಇವರು ಡ್ರೈವರಿಗೆ, "ಇದು ನಮ್ಮೂರ ರಸ್ತೆ" ಎಂದು ಹಿಂದಿಯಲ್ಲಿ ಹೇಳಿದರು. ಅವನಿಗೆ ಎಷ್ಟು ಅರ್ಥವಾಯಿತೋ.

ಉಧಂಪುರ ದಾಟಿದ ಮೇಲೆ ಚೆನಾನಿಯ ಸುರಂಗ ಸಿಗುತ್ತದೆ, ಉದ್ದ ಒಂಬತ್ತು ಕಿಲೋಮೀಟರಿನಷ್ಟು. 2017ರಲ್ಲಿ ತೆರೆದದ್ದು. ಪತ್ನಿಟಾಪಿನ ಹಿಮದ ತಿರುವುಗಳನ್ನೆಲ್ಲ ಅದು ತಪ್ಪಿಸುತ್ತದೆ. ಮುಂದೆ ರಾಮಬನ್. ಕೆಳಗೆ ಚಿನಾಬ್ ನದಿ, ಮೇಲೆ ಯಾವಾಗ ಉರುಳುವುದೋ ತಿಳಿಯದ ಕಲ್ಲು. ಖೂನಿ ನಾಲಾ ಎಂಬ ಜಾಗ ದಾಟುವಾಗ ಡ್ರೈವರ್ ಏನೋ ಗೊಣಗಿಕೊಂಡು ಎದೆ ಮುಟ್ಟಿಕೊಂಡ. 2022ರ ಮೇ ತಿಂಗಳಲ್ಲಿ ಅಲ್ಲಿ ಕೊರೆಯುತ್ತಿದ್ದ ಸುರಂಗದ ಬಾಯಿ ಕುಸಿದು ಹತ್ತು ಮಂದಿ ಕೂಲಿಗಳು ಸತ್ತರು. ಎಲ್ಲೆಲ್ಲಿಂದಲೋ ಬಂದು ಅಲ್ಲಿ ಮಣ್ಣಾದವರು.

ಬನಿಹಾಲ್ ಮುಟ್ಟುವ ಹೊತ್ತಿಗೆ ಹಿಮ ಸುರಿಯತೊಡಗಿತ್ತು. ಮುಂದೆ ದಾರಿ ಬಂದ್ ಎಂದು ಪೊಲೀಸರು ಗಾಡಿ ನಿಲ್ಲಿಸಿದರು. ನಮ್ಮ ಡ್ರೈವರ್ ಆ ಊರಿನವನೇ. ಲಾಡ್ಜುಗಳೆಲ್ಲ ತುಂಬಿದ್ದರಿಂದ ನಮ್ಮನ್ನು ತನ್ನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದ. ಆಕೆ ನನ್ನ ಓರಗೆಯವರು, ಹಿಂದಿ ಅಷ್ಟಕ್ಕಷ್ಟೆ, ಕಾಲೇಜು ಓದುವ ಮಗಳು ನಮ್ಮಿಬ್ಬರ ನಡುವೆ ದುಭಾಷಿ. ಮೊದಲು ನನ್ನ ಕೈಗೆ ಒಂದು ಕಾಂಗ್ಡಿ ಕೊಟ್ಟರು. ಬೆತ್ತದಂತಹ ಕಡ್ಡಿಯ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ನಮ್ಮ ಅಗ್ಗಿಷ್ಟಿಕೆಯನ್ನು ಅವರು ಉದ್ದ ನಿಲುವಂಗಿಯೊಳಗೆ ಇಟ್ಟುಕೊಂಡೇ ಓಡಾಡುತ್ತಾರೆ. ಊಟಕ್ಕೆ ಅನ್ನ, ಒಣಗಿಸಿದ ಬದನೆಕಾಯಿಯ ಸಾರು. ಸೋರೆಕಾಯಿ, ಬದನೆ, ಟೊಮೆಟೊ ಎಲ್ಲವನ್ನೂ ಬೇಸಗೆಯಲ್ಲೇ ಹೆಚ್ಚಿ ದಾರಕ್ಕೆ ಪೋಣಿಸಿ ಒಣಗಿಸಿ ಇಟ್ಟಿರುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿ 'ಚಿಲ್ಲೈ ಕಲಾನ್', ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಸಣ್ಣ ಚಳಿ, ಮತ್ತೆ ಹತ್ತು ದಿನ ಮರಿ ಚಳಿ. ದಾರಿ ಮುಚ್ಚಿದರೆ ಮನೆಯಲ್ಲಿ ಏನಿದೆಯೋ ಅದೇ ಊಟ. ಮಳೆಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ ಮಾಡಿ ಡಬ್ಬ ತುಂಬಿಡುವ ನಮಗೆ ಇದು ವಿವರಿಸದೆಯೇ ಅರ್ಥವಾಗುವ ವಿದ್ಯೆ.

"ಮನೆಯವರು ಎಲ್ಲಿ?" ಎಂದು ಕೇಳಿದೆ. ರಸ್ತೆಯ ಹಿಮ ತಳ್ಳುವ ಯಂತ್ರದ ಮೇಲೆ ಕೆಲಸ, ಮಧ್ಯಾಹ್ನವೇ ಹೋದರು ಎಂದಳು ಮಗಳು. ಯಾವಾಗ ಬರುತ್ತಾರೆ ಎಂದರೆ, "ರಸ್ತೆ ತೆರೆದ ಮೇಲೆ" ಎಂದಳು, ಅಂಗಡಿ ಮುಚ್ಚಿದ ಮೇಲೆ ಬರುತ್ತಾರೆ ಎನ್ನುವಷ್ಟು ಸಹಜವಾಗಿ. ರಾತ್ರಿ ನನಗೆ ಎಚ್ಚರವಾದಾಗಲೆಲ್ಲ ಆಕೆ ಎದ್ದು ಕೂತೇ ಇದ್ದರು. ಸಮೊವಾರಿನ ಕೆಂಡ ಆರದಂತೆ ಊದುತ್ತಿದ್ದರು, ಕಿಟಕಿಯ ಕಡೆ ನೋಡುತ್ತಿದ್ದರು. ನನಗೆ ರಾಗಿ ಕಲ್ಲಿನ ಸದ್ದು ಕೇಳಿಸಿದಂತಾಯಿತು.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬೆಟ್ಟದ ಆಚೆ ಮಗ್ಗುಲಲ್ಲಿ ವಾಲ್ಟೆಂಗು ನಾರ್ ಎಂಬ ಹಳ್ಳಿ ಇದೆ. 2005ರ ಫೆಬ್ರವರಿಯಲ್ಲಿ ಹಿಮರಾಶಿ ಜಾರಿ ಬಿದ್ದು ಅಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮಾವನವರ ಮಾತನ್ನು ವಿಜ್ಞಾನದ ಮೇಷ್ಟ್ರು ಲೆಕ್ಕದಲ್ಲಿ ಹೇಳುತ್ತಾರೆ: ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ ನೂರು ಕಿಲೋ ತೂಗಿದರೆ ಹೆಚ್ಚು. ಅದೇ ಹಿಮ ಕೂತು, ಒದ್ದೆಯಾಗಿ, ಗಟ್ಟಿಯಾದಾಗ ಮೂರು ನಾಲ್ಕು ಪಟ್ಟು. ಹತ್ತಿಯಂತೆ ಬಂದದ್ದು ಬಂಡೆಯಂತೆ ಕೂರುತ್ತದೆ.

ಬೆಳಿಗ್ಗೆ ಅಂಗಳದಲ್ಲಿ ಮೊಣಕಾಲುದ್ದ ಹಿಮ. ಡ್ರೈವರ್ ಸಲಿಕೆಯಲ್ಲಿ ದಾರಿ ಮಾಡುತ್ತಿದ್ದ. ಇವರು ಹೋಗಿ ಸಲಿಕೆ ಕೇಳಿ ತೆಗೆದುಕೊಂಡರು. "ರೀ, ಬೇಡ, ಬೆನ್ನು ಹಿಡ್ಕೊಳ್ಳುತ್ತೆ" ಎಂದೆ. ಕೇಳಲಿಲ್ಲ. ಏಳೆಂಟು ಸಲಿಕೆ ಎತ್ತಿದರು, ಏದುಸಿರು ಬಂತು, ನಿಂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೆ ಆಗ ಇಪ್ಪತ್ತೆರಡು ವರ್ಷ ಕಣೇ" ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ಇವರು ತಂದೆಯ ಬಗ್ಗೆ ಆಡಿದ ಅತಿ ಉದ್ದದ ಮಾತೆಂದರೆ ಇದೇ ಇರಬೇಕು.

ದಾರಿ ಮರುದಿನ ತೆರೆಯಿತು. ಮನೆಯ ಯಜಮಾನರು ಬಂದರು. ಕಣ್ಣು ಕೆಂಪಗೆ, ಮೀಸೆಯಲ್ಲಿ ಹಿಮದ ಹರಳು. ಆಕೆ ಒಂದು ಮಾತೂ ಆಡದೆ ಬಿಸಿ ಚಹಾ ಬಟ್ಟಲನ್ನು ಅವರ ಕೈಗೆ ಕೊಟ್ಟರು. ನಾವು ಹೊರಟೆವು.

ಬನಿಹಾಲದ ಬೆಟ್ಟವನ್ನು ಮೊದಲು ಕೊರೆದದ್ದು 1954ರಿಂದ 56ರವರೆಗೆ, ಜರ್ಮನ್ ಎಂಜಿನಿಯರುಗಳ ನೆರವಿನಿಂದ. ಜವಾಹರ್ ಸುರಂಗ ಎಂದು ಅದರ ಹೆಸರು, ಉದ್ದ ಎರಡೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. 1956ರ ಡಿಸೆಂಬರಿನಲ್ಲಿ ಅದು ತೆರೆದ ಮೇಲೆಯೇ ಕಾಶ್ಮೀರಕ್ಕೆ ಚಳಿಗಾಲದಲ್ಲೂ ಲಾರಿ ಹೋಗುವಂತಾಯಿತು. ಅಲ್ಲಿಯವರೆಗೆ ಕಣಿವೆಯ ಜನ ತಿಂಗಳುಗಟ್ಟಲೆ ಹೊರಲೋಕದಿಂದ ದೂರ. ಅದಕ್ಕಿಂತ ನಾನೂರು ಮೀಟರಿನಷ್ಟು ಕೆಳಗೆ ಎಂಟೂವರೆ ಕಿಲೋಮೀಟರಿನ ಹೊಸ ಸುರಂಗ 2021ರಲ್ಲಿ ಬಂತು. ನಾವು ಹೋದದ್ದು ಅದರಲ್ಲಿ. ಹತ್ತು ನಿಮಿಷದಲ್ಲಿ ಕಾಝಿಗುಂಡ್. ಮೊಗಲರು ದಿನಗಟ್ಟಲೆ ಹತ್ತಿ ಇಳಿದ ಬೆಟ್ಟಸಾಲು ಕಿಟಕಿಯ ಗಾಜು ಒರೆಸುವಷ್ಟರಲ್ಲಿ ಹಿಂದಾಯಿತು. ಮುಂದೆ ಹಿಮ ಹೊದ್ದ ಸಾಲು ಸಾಲು ಪಾಪ್ಲರ್ ಮರ, ಮುಳುಗಿದ ಗದ್ದೆ, ಪಾಂಪೋರಿನ ಕೇಸರಿ ಹೊಲ. ಚೆಲುವಿಗೆ ಕೊರತೆಯಿಲ್ಲ. ಇವರ ಉಣ್ಣೆ ಟೋಪಿಯನ್ನು ನೋಡಿ ನಾನೂ, ನನ್ನ ಸೀರೆಯ ಕೆಳಗಿನ ಗಂಬೂಟನ್ನು ನೋಡಿ ಇವರೂ ಮನಸಾರೆ ನಕ್ಕೆವು.

ಶ್ರೀನಗರದಿಂದ ಸೋನಾಮಾರ್ಗ್. ಗಗನ್‌ಗೀರ್ ಬಳಿ ಆರೂವರೆ ಕಿಲೋಮೀಟರಿನ ಸುರಂಗ ಅದೇ ಜನವರಿ 13ರಂದು ಉದ್ಘಾಟನೆಯಾಗಿತ್ತು. ಅದಕ್ಕೆ ಮುಂಚೆ ಸೋನಾಮಾರ್ಗಕ್ಕೆ ಚಳಿಗಾಲದಲ್ಲಿ ಹೋಗುವ ಮಾತೇ ಇರಲಿಲ್ಲ. ಉದ್ಘಾಟನೆಯ ದೊಡ್ಡ ದೊಡ್ಡ ಫಲಕಗಳು ಇನ್ನೂ ಹೊಸದಾಗಿದ್ದವು. ಆದರೆ ಮೂರು ತಿಂಗಳ ಹಿಂದೆ, 2024ರ ಅಕ್ಟೋಬರ್ 20ರ ಸಂಜೆ, ಅದೇ ಸುರಂಗದ ಕೆಲಸಗಾರರ ಬಿಡಾರದ ಮೇಲೆ ಉಗ್ರರು ಗುಂಡು ಹಾರಿಸಿ ಒಬ್ಬ ವೈದ್ಯರು ಮತ್ತು ಆರು ಮಂದಿ ಕೆಲಸಗಾರರನ್ನು ಕೊಂದಿದ್ದರು. ಆ ಏಳು ಹೆಸರನ್ನು ನಾನು ಫಲಕಗಳಲ್ಲಿ ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಸೋನಾಮಾರ್ಗದ ಆಚೆ ದಾರಿ ಇಲ್ಲ. ಜೋಜಿ ಲಾ ಫೆಬ್ರವರಿ 27ರಿಂದ ಮುಚ್ಚಿತ್ತು. ಬಿಳಿ ಗೋಡೆಯ ಹಾಗೆ ನಿಂತ ಬೆಟ್ಟದ ಕಡೆಗೆ ಇವರು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಗಡಿ ರಸ್ತೆಗಳ ಸಂಸ್ಥೆಯ ಯಂತ್ರಗಳು ಹಿಮ ಕತ್ತರಿಸುವ ಸಿದ್ಧತೆಯಲ್ಲಿದ್ದವು. 1960ರಲ್ಲಿ ಹುಟ್ಟಿದ ಈ ಸಂಸ್ಥೆಯ ಬೀಕನ್ ಪಡೆ ಕಾಶ್ಮೀರದ ರಸ್ತೆ ಕಾಯುತ್ತದೆ. ಗಡಿಯ ರಸ್ತೆಗಳಲ್ಲಿ ಕಲ್ಲು ಹೊರಲು ಝಾರ್ಖಂಡದ ದುಮ್ಕಾ ಕಡೆಯ ಆದಿವಾಸಿಗಳು ಪ್ರತಿ ವರ್ಷ ಬರುತ್ತಾರೆ. ಹಿಂದೆ ಆರು ತಿಂಗಳು ಮುಚ್ಚಿರುತ್ತಿದ್ದ ಜೋಜಿ ಲಾ ಆ ವರ್ಷ ಏಪ್ರಿಲ್ 1ರಂದೇ ತೆರೆಯಿತು, ಕೇವಲ 32 ದಿನದಲ್ಲಿ. ಪತ್ರಿಕೆಯಲ್ಲಿ ಅದು ಒಂದು ಚಿಕ್ಕ ಸುದ್ದಿ. ಇವರು ಕತ್ತರಿಸಿ ಮಾವನವರ ಪದಕದ ಡಬ್ಬಿಯಲ್ಲಿ ಇಟ್ಟರು.

ನಾವು ಬಂದು ಎರಡು ತಿಂಗಳಾಗಿರಲಿಲ್ಲ. ಏಪ್ರಿಲ್ 22ರಂದು ಪಹಲ್ಗಾಮಿನ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ನಮ್ಮ ಹಾಗೆಯೇ ಹೆಂಡತಿಯ ಜೊತೆ, ಮಕ್ಕಳ ಜೊತೆ ರಜೆಗೆಂದು ಹೋದವರು. ಶಿವಮೊಗ್ಗದವರು, ಬೆಂಗಳೂರಿನವರೂ ಅವರಲ್ಲಿದ್ದರು. ಅವರನ್ನು ಉಳಿಸಲು ಹೋದ ಅಲ್ಲಿಯ ಒಬ್ಬ ಕುದುರೆ ನಡೆಸುವ ಬಡ ಹುಡುಗನೂ ಸತ್ತ. ಜೋಡಿಯಾಗಿ ಹೋಗಿ ಒಂಟಿಯಾಗಿ ಮರಳಿದ ಆ ಹೆಂಗಸರ ಮುಖಗಳನ್ನು ಟಿ.ವಿ.ಯಲ್ಲಿ ನೋಡಲಾರದೆ ನಾನು ಅಡುಗೆಮನೆಗೆ ಎದ್ದು ಹೋದೆ. ನಾಲ್ಕು ನೂರು ವರ್ಷಗಳ ಹಿಂದಿನ ರಾಣಿಗೆ ಅಂಬಾರಿಯಾದರೂ ಮರೆಯಾಗಿತ್ತು. ಇವರಿಗೆ ಆ ಮರೆಯೂ ಇರಲಿಲ್ಲ. ಬನಿಹಾಲದ ಮನೆಯಾಕೆ ಮಗಳಿಂದ ಫೋನು ಮಾಡಿಸಿ, "ಅಕ್ಕ, ನೀವೆಲ್ಲ ಕ್ಷೇಮವಾ?" ಎಂದು ಕೇಳಿದರು. ಈ ಸಲ ಕ್ಷೇಮದ ಮಾತು ಆ ತುದಿಯಿಂದ ಈ ತುದಿಗೆ ಪ್ರಶ್ನೆಯಾಗಿ ಬಂದಿತ್ತು.

ರಸ್ತೆಗಳ ಚರಿತ್ರೆ ಬರೆಯುವವರು ಯಾರ ಕಾಲದಲ್ಲಿ, ಎಷ್ಟು ಉದ್ದ, ಎಷ್ಟು ಖರ್ಚು ಎಂದು ಬರೆಯುತ್ತಾರೆ. ನಾನೂ ಮಕ್ಕಳಿಗೆ ಹಾಗೆಯೇ ಬಾಯಿಪಾಠ ಮಾಡಿಸಬೇಕು, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ಆದರೆ ಹಿಮದ ದಾರಿ ಒಮ್ಮೆ ಕಟ್ಟಿ ಮುಗಿಯುವ ದಾರಿಯಲ್ಲ. ಪ್ರತಿ ಚಳಿಗಾಲವೂ ಅದು ಅಳಿಸಿಹೋಗುತ್ತದೆ, ಪ್ರತಿ ಚಳಿಗಾಲವೂ ಯಾರೋ ಅದನ್ನು ಮತ್ತೆ ಬರೆಯಬೇಕು. ಒಂದು ತುದಿಯಲ್ಲಿ ಸಲಿಕೆ ಹಿಡಿದವನು, ಇನ್ನೊಂದು ತುದಿಯಲ್ಲಿ ಅವನಿಗಾಗಿ ಕೆಂಡ ಆರದಂತೆ ಕಾಯುವವಳು. ಈ ಇಬ್ಬರೂ ಸೇರಿದಾಗಲೇ ಅದು ರಸ್ತೆ.

ಮುಂದಿನ ವರ್ಷ ನಿಮ್ಮಲ್ಲಿ ಯಾರಾದರೂ ಮನೆಯವರ ಜೊತೆ ಹಿಮ ನೋಡಲು ಹೊರಟರೆ ದಯವಿಟ್ಟು ಹೋಗಿ ಬನ್ನಿ, ಹಿಮದಲ್ಲಿ ಆಡಿ, ಫೋಟೋ ತೆಗೆಸಿಕೊಳ್ಳಿ. ದಾರಿ ಬದಿಯಲ್ಲಿ ಸಲಿಕೆ ಹಿಡಿದವರು ಕಂಡರೆ ಗಾಡಿ ನಿಲ್ಲಿಸಿ ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾರಿದ್ದಾರೆಂದು ಕೇಳಿ. ಸಾಧ್ಯವಾದರೆ ಒಂದು ಸಲಿಕೆ ನೀವೂ ಎತ್ತಿ ನೋಡಿ.